ಡೂಮ್ಸ್‌ಡೇ, ಗ್ರಂಡಿ, ಅಬಾಮಿನೇಶನ್: ಮೂರೂ ದೈತ್ಯರನ್ನ ಓದಿ ನೋಡಿದ್ಮೇಲೆ

ಕಾಮಿಕ್ಸ್‌ನಲ್ಲಿ ಬರೋ ದೈತ್ಯ ವಿಲನ್‌ಗಳಲ್ಲಿ ಯಾರನ್ನ ಮೊದ್ಲು ಓದ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾ ಅಬಾಮಿನೇಶನ್ ಹೆಸ್ರು ಹೇಳ್ತೇನೆ. ಈ ಮಳೆಗಾಲ ಶಿರಸಿ ಮನೆ ಮೆತ್ತಿ ಮೇಲೆ ಕೂತು ಮೂರೂ ಜನರ ಮುಖ್ಯ ಕಥೆಗಳನ್ನ ಒಂದರ ಹಿಂದೊಂದು ಓದಿದೆ, ಅರ್ಧಕ್ಕರ್ಧ ಅಕ್ಕನ ಮಗನ ಜೊತೆಗೇ, ಹಾಗಾಗಿ ಅವನ ಮಾತೂ ಇದ್ರಲ್ಲಿ ಸೇರಿದೆ.

ಡೂಮ್ಸ್‌ಡೇ ಎಂಟ್ರಿ ಇದ್ಯಲ್ಲ, ಅದನ್ನ ಮೀರ್ಸೋದು ಕಷ್ಟ. 1992ರಲ್ಲಿ ಸೂಪರ್‌ಮ್ಯಾನ್ ಸಂಚಿಕೆಗಳಲ್ಲಿ ಮೊದ್ಲು ಬರೀ ಒಂದು ಮುಷ್ಟಿ ಕಬ್ಬಿಣದ ಗೋಡೆಗೆ ಗುದ್ದೋದಷ್ಟೇ ತೋರಿಸ್ತಾರೆ, ಆಸಾಮಿ ಯಾರು ಅಂತ ಹೇಳೋದೇ ಇಲ್ಲ, ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆ ಹಿಂದೆ ನಿಂತು ಅಬ್ಬರಿಸಿ ಅಬ್ಬರಿಸಿ ಆಮೇಲೆ ಮುಖ ತೋರಿಸ್ತದಲ್ಲ, ಹಾಗೆ. ಹೊರಗೆ ಬಂದವನ ಕೈ ಮೇಲೆ ಒಂದು ಪುಟ್ಟ ಹಕ್ಕಿ ಬಂದು ಕೂರ್ತದೆ, ಅದನ್ನ ಹಾಗೇ ಹಿಸುಕಿ ಬಿಡ್ತಾನೆ. ಒಂದು ಕೈ ಬೆನ್ನಿಗೆ ಕಟ್ಟಿದ್ದಾಗ್ಲೇ ಜಸ್ಟಿಸ್ ಲೀಗ್ ಅನ್ನೋ ಹೀರೋಗಳ ತಂಡ ಪೂರ್ತಿ ನೆಲ ಕಚ್ತದೆ. ಕೊನೆಗೆ ಬರ್ತಾ ಬರ್ತಾ ಪುಟಕ್ಕೆ ನಾಲ್ಕು ಚಿತ್ರ, ಮುಂದಿನ ಸಂಚಿಕೆಲಿ ಮೂರು, ಆಮೇಲೆ ಎರಡು, ಸೂಪರ್‌ಮ್ಯಾನ್ ಸಾಯೋ 75ನೇ ಸಂಚಿಕೆಲಿ ಪುಟಕ್ಕೆ ಒಂದೇ ಚಿತ್ರ, ಓದೋವಾಗ ಎದೆ ಢವಢವ ಅಂತದೆ. ಆದ್ರೆ ಹುಡುಗ ಮಧ್ಯದಲ್ಲಿ "ಮಾವಾ, ಇಂವ ಎಂತಕ್ಕೆ ಹೊಡಿತಾ?" ಅಂತ ಕೇಳ್ದ, ಆ ಕಥೆಲಿ ಅದಕ್ಕೆ ಉತ್ರ ಇಲ್ಲ. 1994ರಲ್ಲಿ ಬಂದ ಕಥೆಲಿ ಕಾರಣ ಸಿಗ್ತದೆ, ಸೂಪರ್‌ಮ್ಯಾನ್ ಹುಟ್ಟಿದ ಗ್ರಹ ಕ್ರಿಪ್ಟಾನ್‌ನಲ್ಲಿ, ಬಹಳ ಹಿಂದೆ, ಒಬ್ಬ ವಿಜ್ಞಾನಿ ಒಂದು ಕೂಸನ್ನ ಸಾಯ್ಲಿಕ್ಕೆ ಬಿಟ್ಟು, ಮತ್ತೆ ತಯಾರು ಮಾಡಿ, ಮತ್ತೆ ಸಾಯ್ಲಿಕ್ಕೆ ಬಿಟ್ಟು ಇವನನ್ನ ಮಾಡಿದ್ದು ಅಂತ. ಅದು ಓದಿದ್ಮೇಲೆ ಪಾಪ ಅನ್ನಿಸ್ತು, ಆದ್ರೂ ಅವನ ಒಳಗೆ ಏನಿದೆ ಅಂತ ಗೊತ್ತಾಗ್ಲಿಲ್ಲ.

ಸಾಲೊಮನ್ ಗ್ರಂಡಿ ಮೂವರಲ್ಲಿ ಹಳಬ, 1944ರವ. ಕೊಂದು ಜೌಗಿಗೆ ಎಸೆದ ಹೆಣ 50 ವರ್ಷದ ಮೇಲೆ ಎದ್ದು ಬರ್ತದೆ. ಮೊದಲ ಗ್ರೀನ್ ಲ್ಯಾಂಟರ್ನ್ ಅನ್ನೋ ಹೀರೋನ ಶಕ್ತಿಯ ಉಂಗುರ ಮರದ ಮೇಲೆ ನಡೆಯೋದಿಲ್ಲ, ಇವನ ಮೈಲಿ ಗಿಡಮರದ ಅಂಶ ಸೇರಿದೆ, ಹಾಗಾಗಿ ಇಬ್ಬರ ಜಗಳ ಚೆನ್ನಾಗಿ ಕೂರ್ತದೆ. ಅಷ್ಟೇ, ಒಂದೆರಡು ಕಥೆ ಆದ್ಮೇಲೆ ನಂಗೆ ಸಾಕಾಯ್ತು.

ಅಬಾಮಿನೇಶನ್ ಹಾಗಲ್ಲ. ಎಮಿಲ್ ಬ್ಲಾನ್ಸ್ಕಿ ಅಂತ ಒಬ್ಬ ಗೂಢಚಾರ, ಹಲ್ಕ್ ಅನ್ನೋ ಹಸಿರು ದೈತ್ಯ ಆಗಿ ಬದಲಾಗೋ ವಿಜ್ಞಾನಿ ಬ್ರೂಸ್ ಬ್ಯಾನರ್ ತನ್ನನ್ನ ತಾನೇ ಮುಗಿಸ್ಕೊಳ್ಳಿಕ್ಕೆ ಅಂತ ಇಟ್ಟಿದ್ದ ಗಾಮಾ ವಿಕಿರಣದ ಯಂತ್ರಕ್ಕೆ ಮೈಯೊಡ್ಡಿ ಹಸಿರು ಚಿಪ್ಪಿನ ಮೈ, ಮೀನಿನ ರೆಕ್ಕೆ ಥರದ ಕಿವಿ ಪಡೀತಾನೆ, 1967ರ ಕಥೆ ಅದು. ಹಲ್ಕ್ ಸಮಾಧಾನದಲ್ಲಿದ್ರೆ ಅವನಿಗಿಂತ ಇವನಿಗೇ ಶಕ್ತಿ ಜಾಸ್ತಿ, ಆದ್ರೆ ಸಿಟ್ಟು ಏರಿದ ಹಾಗೆ ಹಲ್ಕ್‌ನ ಬಲ ಏರ್ತದೆ, ಇವನದ್ದು ಇದ್ದಲ್ಲೇ ಇರ್ತದೆ. ಬ್ಯಾನರ್ ಮತ್ತೆ ಮನುಷ್ಯ ಆಗ್ತಾನೆ, ಇವ ಆಗೋದಿಲ್ಲ. ಮತ್ತೆ ಬುದ್ಧಿ ಪೂರ್ತಿ ನೆಟ್ಟಗಿದೆ, ಕಳ್ಕೊಂಡಿದ್ದೆಲ್ಲ ನೆನಪಿದೆ, ಅದೇ ನಂಗೆ ತಡ್ಕೊಳ್ಳಿಕ್ಕೆ ಆಗದ್ದು. 1998ರ ಕಥೆಲಿ ಇವ ಬ್ಯಾನರ್‌ನ ಹೆಂಡ್ತಿ ಬೆಟ್ಟಿಗೆ ಗಾಮಾ ತುಂಬಿದ ರಕ್ತದಿಂದ ವಿಷ ಹಾಕ್ತಾನೆ, ಬ್ಯಾನರ್‌ಗೆ ತನ್ನ ಮೈಯ ವಿಕಿರಣದಿಂದ್ಲೇ ಹೆಂಡ್ತಿ ಸತ್ಲು ಅಂತ ಅನ್ನಿಸೋ ಹಾಗೆ. ಒಂದು ಗುದ್ದೂ ಇಲ್ದೇ ಇಷ್ಟು ಕ್ರೌರ್ಯ ಡೂಮ್ಸ್‌ಡೇ ಕೈಲಿ ಆಗೋದಿಲ್ಲ.

ಅಕ್ಕನ ಮಗನ ಓಟು ಇವತ್ತಿಗೂ ಡೂಮ್ಸ್‌ಡೇಗೇ, ಆ ವಯಸ್ಸಿಗೆ ಅದು ಸರಿ. ದೊಡ್ಡವರು ಓದೋದಾದ್ರೆ 1967ರದ್ದನ್ನ ಮೊದ್ಲು ಓದಿ, ಆಮೇಲೆ 1998ರದ್ದು, ಹಿಂದೆಮುಂದೆ ಆದ್ರೆ ಬ್ಲಾನ್ಸ್ಕಿ ಬರೀ ಕೊಲೆಗಾರನ ಥರ ಕಾಣ್ತಾನೆ. ಪುಸ್ತಕವೇ ಬೇಕು ಅಂದ್ರೆ ಮಳೆ ಬಿಟ್ಮೇಲೆ ತರಿಸಿ, ಆ ನುಣುಪು ಪೇಪರ್ ನಮ್ಮ ಕಡೆ ಥಂಡಿಗೆ ಒಂದಕ್ಕೊಂದು ಅಂಟ್ಕೊಂಡು ಬಿಡ್ತದೆ.