ಬೆಟ್ಟದಿಂದ ಶುರು ಮಾಡುವುದೋ, ಬೈಬಲಿನಿಂದಲೋ?

ಕ್ರೈಸ್ತ ದೇವಶಾಸ್ತ್ರ ಓದಲು ಹೊರಟವರಿಗೆ ಮೊದಲು ಎದುರಾಗುವುದು ‘ಪ್ರಕಟಣೆ’ಯ ಪ್ರಶ್ನೆ. ದೇವರು ತನ್ನನ್ನು ತಾನು ತೋರಿಸಿಕೊಳ್ಳುವುದು ಹೇಗೆ?

ಮುಳ್ಳಯ್ಯನಗಿರಿಯಲ್ಲಿ ಮಂಜು ಸರಿದು ಬೆಟ್ಟದ ಸಾಲು ಕಂಡಾಗ ‘ಇದನ್ನೆಲ್ಲ ಮಾಡಿದವರು ಯಾರು?’ ಅನ್ನಿಸುತ್ತದೆ, ಅಲ್ವಾ? ಇದು ಸಾಮಾನ್ಯ ಪ್ರಕಟಣೆಯ ದಾರಿ, ಅಂದರೆ ಸೃಷ್ಟಿ ನೋಡಿ, ಬುದ್ಧಿ ಬಳಸಿ ದೇವರನ್ನು ತಿಳಿಯುವುದು. 13ನೇ ಶತಮಾನದ ಕಥೋಲಿಕ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ದೇವರಿದ್ದಾನೆಂದು ಬುದ್ಧಿಯಿಂದಲೇ ತಿಳಿಯಬಹುದು ಎಂದು 5 ವಾದ ಕೊಟ್ಟರು. ಬೇರೆ ಧರ್ಮದ ಗೆಳೆಯರ ಜೊತೆ ಮಾತಿಗೆ ಕೂರಲು ಇದು ಸಲೀಸು. ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಕಥೋಲಿಕರಿಗೂ ಪರಿಚಿತ ದಾರಿ. ಆದರೆ ತ್ರಿಯೇಕತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು) ಬರೀ ಬುದ್ಧಿಗೆ ಸಿಗುವುದಿಲ್ಲ ಎಂದವರೂ ಅಕ್ವಿನಾಸರೇ.

ಅಲ್ಲಿಗೆ ಬೇಕಾಗುವುದು ವಿಶೇಷ ಪ್ರಕಟಣೆ: ಇಸ್ರೇಲಿನ ಚರಿತ್ರೆ, ಬೈಬಲ್, ಎಲ್ಲಕ್ಕಿಂತ ಜಾಸ್ತಿ ಯೇಸು. 1934ರಲ್ಲಿ ಸ್ವಿಸ್ ದೇವಶಾಸ್ತ್ರಜ್ಞ ಎಮಿಲ್ ಬ್ರೂನರ್ ಸೃಷ್ಟಿಯ ದಾರಿಗೂ ಜಾಗ ಕೊಡಬೇಕೆಂದಾಗ ಇನ್ನೊಬ್ಬ ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ‘ಇಲ್ಲ!’ ಎಂದು ಉತ್ತರ ಬರೆದರು. ಅದು ಸುಮ್ನೆ ಹಟವಲ್ಲ. ಆಗ ಹಿಟ್ಲರನ ಜರ್ಮನಿಯಲ್ಲಿ ಜನಾಂಗ, ನೆಲ, ನಾಯಕನಲ್ಲೇ ದೇವರ ಇಚ್ಛೆ ಕಾಣುತ್ತಿದ್ದ ಕ್ರೈಸ್ತರಿದ್ದರು. ಅದನ್ನು ವಿರೋಧಿಸಿದ ಜರ್ಮನ್ ಪ್ರೊಟೆಸ್ಟೆಂಟರ ಅದೇ ವರ್ಷದ ಬಾರ್ಮೆನ್ ಘೋಷಣೆ, ನಾವು ಕೇಳಬೇಕಾದ ದೇವರ ವಾಕ್ಯ ಯೇಸುವೊಬ್ಬನೇ ಎಂದಿತು. ಬಾರ್ತರ ಈ ಎಚ್ಚರ ಇವತ್ತಿಗೂ ಬೇಕು ಎಂದೇ ನನ್ನ ನಂಬಿಕೆ.

ಹೊಸಬರು ಮಾರ್ಕನ ಸುವಾರ್ತೆ ಹಿಡಿಯಿರಿ, 16 ಅಧ್ಯಾಯ ಅಷ್ಟೇ. ತರ್ಕ ಇಷ್ಟಪಡುವವರು ಅಕ್ವಿನಾಸರಿಂದ ಶುರು ಮಾಡಿದರೂ ಸರಿ.