ಸುಣ್ಣದ ಗಾರೆಯಲ್ಲಿ ಮರಳಿ ನಿಂತ ನಮ್ಮ ದೇವಾಲಯ: ಜೀರ್ಣೋದ್ಧಾರದ ಕೆಲಸ ಹೇಗಾಗಿದೆ

ಬಳ್ಳಾರಿಯ ಹಳೆಯ ದಂಡು ಪ್ರದೇಶದಲ್ಲಿರುವ ನಮ್ಮ ಚರ್ಚಿನ ಜೀರ್ಣೋದ್ಧಾರ ಮುಗಿದು ಈಗ ಒಂದು ಮಳೆಗಾಲ ಕಳೆದಿದೆ. ಕೆಲಸ ಮುಗಿದ ವಾರದಲ್ಲೇ ಈ ವಿಮರ್ಶೆಯನ್ನು ಬರೆಯಬಹುದಿತ್ತು. ಆದರೆ ಹೊಸದಾಗಿ ಸುಣ್ಣ ಬಳಿದ ಗೋಡೆ ಮೊದಲ ತಿಂಗಳು ಚೆಂದವಾಗಿಯೇ ಕಾಣುತ್ತದೆ, ಮಾಳಿಗೆ ಸೋರುತ್ತದೆಯೋ ಇಲ್ಲವೋ ಎಂಬುದು ಮಳೆ ಬಿದ್ದ ಮೇಲಷ್ಟೇ ತಿಳಿಯುತ್ತದೆ ಎಂಬ ಕಾರಣಕ್ಕೆ ಕಾದೆ. ಮಾಳಿಗೆ ಸೋರಲಿಲ್ಲ.

1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಯ ಕೈಸೇರಿದ ಮೇಲೆ ಬಳ್ಳಾರಿಯಲ್ಲಿ ದಂಡು ಬೆಳೆಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತರಲು ತೊಡಗಿದರು. ಪೂರ್ಣ ಕನ್ನಡ ಬೈಬಲ್ 1831ರಲ್ಲಿ ಹೊರಬಂದಿತು. ಕನ್ನಡ ಆರಾಧನೆಗೆ ಇಷ್ಟು ಹಳೆಯ ಬೇರಿರುವ ಊರಿನಲ್ಲಿ ಒಂದು ಹಳೆಯ ದೇವಾಲಯವನ್ನು ಕೆಡವಿ ಕಾಂಕ್ರೀಟಿನದನ್ನು ಕಟ್ಟೋಣವೆಂಬ ಮಾತು ಸಭೆಯಲ್ಲಿ ಎದ್ದಾಗ ನನ್ನಂಥ ಅನೇಕರಿಗೆ ನಿದ್ದೆ ಬಂದಿರಲಿಲ್ಲ.

ಕಟ್ಟಡದ ಸ್ಥಿತಿ ಅಷ್ಟು ಕೆಟ್ಟಿತ್ತೆಂಬುದು ನಿಜ, ಆದರೆ ಅದಕ್ಕೆ ವಯಸ್ಸು ಮಾತ್ರ ಕಾರಣವಾಗಿರಲಿಲ್ಲ. ಹಲವು ವರ್ಷಗಳ ಹಿಂದೆ ಒಬ್ಬ ಗುತ್ತಿಗೆದಾರರು ಹಳೆಯ ಗಾರೆಯನ್ನು ಕೆತ್ತಿ ತೆಗೆದು, ಸೊಂಟದೆತ್ತರದವರೆಗೆ ಸಿಮೆಂಟು ಮೆತ್ತಿ ಹೋಗಿದ್ದರು. ತಳಪಾಯದಿಂದ ಮೇಲೇರುವ ತೇವವು ಸುಣ್ಣದ ಗಾರೆಯ ಮೂಲಕ ಹೊರಗೆ ಹೋಗಿ ಆರಿಬಿಡುತ್ತದೆ. ಸಿಮೆಂಟು ಅದಕ್ಕೆ ದಾರಿ ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ಸಿಮೆಂಟಿನ ಗೆರೆಯನ್ನು ದಾಟಿ ಮೇಲಕ್ಕೆ ಹತ್ತಿ, ತನ್ನೊಂದಿಗೆ ತಂದ ಉಪ್ಪನ್ನು ಅಲ್ಲಿ ಬಿಟ್ಟು, ಗೋಡೆಯನ್ನು ಪುಡಿಪುಡಿಯಾಗಿ ಉದುರಿಸತೊಡಗಿತ್ತು. ಬಲಗಡೆಯ ಬೆಂಚುಗಳಲ್ಲಿ ಕೂತವರು ಆರಾಧನೆ ಮುಗಿಸಿ ಏಳುವಾಗ ಭುಜದ ಮೇಲಿನ ಬಿಳಿ ಪುಡಿಯನ್ನು ಕೊಡವಿಕೊಳ್ಳಬೇಕಾಗಿತ್ತು.

ಈ ಬಾರಿ ಬಂದ ತಂಡದ ಬಗ್ಗೆ ನನಗೆ ಮೊದಲು ಗೌರವ ಹುಟ್ಟಿದ್ದು ಅವರು ಮೊದಲ ಒಂದು ತಿಂಗಳು ಏನನ್ನೂ ಕಟ್ಟದೆ ಇದ್ದುದಕ್ಕೆ. ಅಂಗಳದಲ್ಲಿ ಗುಂಡಿ ತೋಡಿಸಿ, ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಬೆಣ್ಣೆಯಂತಾಗುವವರೆಗೆ ನೆನೆಯಲು ಬಿಟ್ಟರು. ಆಮೇಲೆ ಇಟ್ಟಿಗೆಯ ಪುಡಿ, ಮರಳು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಗಾರೆಯನ್ನು ಅರೆದರು. ನಮ್ಮ ಸಭೆಯ ಹಿರಿಯರೊಬ್ಬರು, ‘ಏನಪಾ ಗೌಂಡಿ, ಬೆಲ್ಲ ಗೋಡಿಗಿ ಹಾಕ್ತೀರೋ, ಪಾಯಸಕ್ಕೋ’ ಎಂದು ಕೇಳಿದಾಗ, ಆ ಮುದಿ ಗೌಂಡಿ ಕೈಯಲ್ಲಿದ್ದ ಗಾರೆಯನ್ನು ಉಂಡೆ ಮಾಡಿ ತೋರಿಸಿ, ‘ಹಿಡಿದು ನೋಡ್ರಿ ಯಜಮಾನ್ರ’ ಎಂದಷ್ಟೇ ಹೇಳಿದರು.

ಸುಣ್ಣದ ಗಾರೆಯು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಆ ಕೆಲಸಕ್ಕೆ ಸ್ವಲ್ಪ ತೇವವೂ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಆದ್ದರಿಂದ ಅವರು ಆ ಎರಡು ತಿಂಗಳು ಹೊರಗೋಡೆಯ ಗಿಲಾವನ್ನು ಪೂರ್ತಿ ನಿಲ್ಲಿಸಿ ಒಳಗಿನ ಮರದ ಕೆಲಸ ಮಾಡಿದರು, ಉಳಿದ ದಿನಗಳಲ್ಲಿ ಒದ್ದೆ ಗೋಣಿಚೀಲ ಹೊದಿಸಿದರು. ತಡವಾಯಿತೆಂದು ಸಭೆಯಲ್ಲಿ ಗೊಣಗಿದವರಿದ್ದರು, ನಾನೂ ಒಮ್ಮೆ ಗೊಣಗಿದ್ದೆ. ಈಗ ಗೋಡೆಯನ್ನು ನೋಡಿದರೆ ಆ ತಡ ಸರಿಯೇ ಆಗಿತ್ತು ಎನ್ನಬೇಕು.

ಎಲ್ಲಕ್ಕಿಂತ ಚೆನ್ನಾಗಿ ಆಗಿರುವುದು ಪಕ್ಕದ ಸಭಾಂಗಣದ ಮದ್ರಾಸ್ ತಾರಸಿ. ಗೆದ್ದಲು ತಿಂದ ಸಾಗವಾನಿ ಜಂತಿಗಳನ್ನಷ್ಟೇ ಬದಲಿಸಿ, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರವನ್ನು ಹಾಕಿ, ಹೆಣ್ಣುಮಕ್ಕಳು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದರು. ಮುರಿದ ಬೆಂಚುಗಳ ಉಗ್ರಾಣವಾಗಿ ಬೀಗ ಬಿದ್ದಿದ್ದ ಆ ಸಭಾಂಗಣದಲ್ಲಿ ಈಗ ಸಂಜೆ ಐದರಿಂದ ಏಳರವರೆಗೆ ಮಕ್ಕಳು ಓದುತ್ತಾರೆ. ಹೆಚ್ಚಿನವರು ಕೌಲ್ ಬಜಾರ್ ಕಡೆಯ ಜೀನ್ಸ್ ಹೊಲಿಯುವವರ ಮಕ್ಕಳು. ಒಂದೇ ಕೋಣೆಯಲ್ಲಿ ಹೊಲಿಗೆ ಯಂತ್ರ, ಅಡುಗೆ, ಮಲಗುವುದು ಎಲ್ಲವೂ ನಡೆಯುವ ಮನೆಗಳಿಂದ ಬರುವ ಇವರಿಗೆ ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಶನಿವಾರ ಅಲ್ಲಿಯೇ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಇರುತ್ತದೆ. ಮೆದಕ್‌ನ ದೊಡ್ಡ ಚರ್ಚನ್ನು ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಟ್ಟು ಕಟ್ಟಿಸಿದರೆಂದು ಓದಿದ್ದೇನೆ, ಅದು 1924ರಲ್ಲಿ ಪ್ರತಿಷ್ಠೆಯಾಯಿತು. ನೆರೆಹೊರೆಯವರ ಹಸಿವು, ಓದು, ಕಾಯಿಲೆಗಳಿಗೆ ದೇವಾಲಯದ ಬಾಗಿಲು ತೆರೆಯುವುದು ಹೊಸ ರೂಢಿಯೇನಲ್ಲ.

ಕೊರತೆಗಳನ್ನೂ ಹೇಳಬೇಕು. ಗಾಲಿಕುರ್ಚಿಗಾಗಿ ಮಾಡಿದ ಇಳಿಜಾರು ತೀರ ಕಡಿದಾಗಿದ್ದು, ಹಿಂದಿನಿಂದ ಇಬ್ಬರು ತಳ್ಳದೆ ಹತ್ತುವಂತಿಲ್ಲ. ಯಾರಿಗಾಗಿ ಅದನ್ನು ಮಾಡಿದರೋ ಅವರನ್ನೇ ಒಮ್ಮೆ ಕರೆದು ಕೇಳಬಹುದಿತ್ತು. ಬಲಿಪೀಠದ ಮೇಲಿನ ಕಿಟಕಿಯಲ್ಲಿ ಒಡೆದ ಬಣ್ಣದ ಗಾಜಿಗೆ ಹೊಂದದ ಗಾಢ ನೀಲಿ ಗಾಜು ಕೂರಿಸಿದ್ದಾರೆ. ಪ್ರಸಂಗದ ಮಾತು ಹಿಂದಿನ ಬೆಂಚುಗಳಲ್ಲಿ ಇನ್ನೂ ಪ್ರತಿಧ್ವನಿಸುತ್ತದೆ. ಗಾಜನ್ನು ಬದಲಿಸಿ ಕೊಡುತ್ತೇವೆಂದು ತಂಡದವರು ಒಪ್ಪಿದ್ದಾರೆ, ಇಳಿಜಾರಿನ ಬಗ್ಗೆ ಮಾತು ನಡೆದಿದೆ.

ಹೋಗುವ ಮುನ್ನ ಅವರು ಸಭಾಪಾಲಕರ ಕೈಗೆ ಒಂದು ಹಾಳೆ ಬರೆದುಕೊಟ್ಟರು: ಪ್ಲಾಸ್ಟಿಕ್ ಬಣ್ಣ ಬಳಿಯಕೂಡದು, ವರ್ಷಕ್ಕೊಮ್ಮೆ ಸುಣ್ಣವನ್ನೇ ಬಳಿಯಬೇಕು, ಮಳೆಗಾಲಕ್ಕೆ ಮೊದಲು ಮಾಳಿಗೆಯ ನೀರುದೋಣಿಗಳನ್ನು ತೆರವು ಮಾಡಬೇಕು. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುತ್ತಿರುವ ಬೇರೆ ಸಭೆಯವರು, ಮಠ-ಮಸೀದಿಗಳವರು ಬಂದು ನೋಡುವುದಾದರೆ ಸಭಾಂಗಣ ತೆರೆದಿರುವ ಸಂಜೆಯ ಹೊತ್ತಿಗೆ ಬರುವುದು ಒಳ್ಳೆಯದು. ಉತ್ತರದ ಗೋಡೆಯ ಮೂಲೆಯಲ್ಲಿ ಗೇಣಗಲದಷ್ಟು ಹಳೆಯ ಸಿಮೆಂಟನ್ನು ಬೇಕೆಂದೇ ಉಳಿಸಿದ್ದಾರೆ. ಅದರ ಮೇಲೊಮ್ಮೆ, ಪಕ್ಕದ ಸುಣ್ಣದ ಮೇಲೊಮ್ಮೆ ಅಂಗೈ ಇಟ್ಟು ನೋಡಿ.