80 ಮೀಟರ್‌ನ ರೆಡಿಮೇಡ್ ಲೋಡಿಂಗ್ ಕಾಯಿಲ್: ಬುಡದಲ್ಲಿ ಬೇಡ, ನಡುವಿಗೆ ಏರಿಸಿ

ಐದು ತಿಂಗಳಿಂದ ಬಳಸುತ್ತಿದ್ದೇನೆ. ಒಂದು ಮಳೆಗಾಲವೂ ಕಳೆಯಿತು, ಈಗ ಬರೆಯಬಹುದು ಅನ್ನಿಸಿತು. ತೆಗೆದುಕೊಂಡಿದ್ದು ಹ್ಯಾಮ್ ರೇಡಿಯೋಗೆ, ಅಂದರೆ ಹವ್ಯಾಸಿ ರೇಡಿಯೋಗೆ, 80 ಮೀಟರ್ ಬ್ಯಾಂಡಿನ (ತರಂಗದ ಉದ್ದ ಸುಮಾರು 80 ಮೀಟರ್) ಒಂದು ಆಂಟೆನಾ ಸೆಟ್. ಪಿವಿಸಿ ಪೈಪಿನ ಮೇಲೆ ಸುತ್ತಿದ ಲೋಡಿಂಗ್ ಕಾಯಿಲ್ (ಗಿಡ್ಡ ಆಂಟೆನಾವನ್ನು ಉದ್ದದ್ದರ ಹಾಗೆ ನಡೆಸುವ ತಂತಿಯ ಸುರುಳಿ), ಎರಡೂವರೆ ಮೀಟರಿನ ಎರಡು ಅಲ್ಯೂಮಿನಿಯಂ ಕೊಳವೆ, ಕೆಳಗೆ ಕೂರಿಸಲು ಒಂದು ಪ್ಲೇಟು, ಕ್ಲಿಪ್ ಇರುವ ಎರಡು ತಂತಿ. ಬೆಲೆ 4,800 ರೂಪಾಯಿ, ಕೊರಿಯರ್ ಬೇರೆ. ಮನೆಯಲ್ಲೇ ಮಾಡಿ ಮಾರುವ ಹ್ಯಾಮ್ ಒಬ್ಬರ ಕೈಕೆಲಸ. ಹೆಸರು ಹೇಳುವುದಿಲ್ಲ, ಯಾಕೆಂದರೆ ಬೈಗುಳ ಒಂದಿಷ್ಟು ಮುಂದೆ ಇದೆ, ಮತ್ತು ಮನುಷ್ಯ ಒಳ್ಳೆಯವರು.

ನನ್ನ ಕಥೆ ಎಲ್ಲರದ್ದೇ. ಮೈಸೂರಿನಲ್ಲಿ 30-40 ಸೈಟಿನ ಮನೆ, ಮೇಲೆ ತಾರಸಿ, ಅರ್ಧ ತಾರಸಿ ನೀರಿನ ಟ್ಯಾಂಕಿಗೆ, ಇನ್ನರ್ಧ ಬಟ್ಟೆ ಒಣಗಿಸುವ ಹಗ್ಗಕ್ಕೆ. 3.6 ಮೆಗಾಹರ್ಟ್ಜ್‌ಗೆ ಡೈಪೋಲ್ (ನಡುವಿನಿಂದ ಎರಡೂ ಕಡೆ ಚಾಚಿದ ತಂತಿ ಆಂಟೆನಾ) ಎಳೆಯಲು ಸುಮಾರು 40 ಮೀಟರ್ ಜಾಗ ಬೇಕು. ಕಾಲು ತರಂಗದ ಕಂಬ ನಿಲ್ಲಿಸೋಣ ಅಂದರೂ 20 ಮೀಟರ್ ಎತ್ತರ. ಅಷ್ಟೆತ್ತರದ ಕಂಬ ನಿಲ್ಲಿಸಿದರೆ ಬೀದಿಯವರೆಲ್ಲ ಮೊಬೈಲ್ ಟವರ್ ಬಂತು ಅಂತ ಅರ್ಜಿ ಕೊಡುತ್ತಾರೆ. ಹಾಗಾಗಿ 5 ಮೀಟರ್ ಕಂಬಕ್ಕೆ ಕಾಯಿಲ್ ಹಾಕಿ ಒಪ್ಪಿಸುವುದೇ ದಾರಿ. ಗಿಡ್ಡ ಕಂಬ ಕೆಪಾಸಿಟರ್ ಥರ ವರ್ತಿಸುತ್ತದೆ, ಅದನ್ನು ಸರಿದೂಗಿಸಲು ಕಾಯಿಲ್ ಬೇಕು. ಇಷ್ಟು ನಮ್ಮ ಲೈಸೆನ್ಸ್ ಪರೀಕ್ಷೆಗೂ ಓದಿರುತ್ತೇವೆ. ಕಾಯಿಲನ್ನು ಕಂಬದ ಯಾವ ಎತ್ತರದಲ್ಲಿ ಇಡಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಸೆಟ್ ಜೊತೆ ಬಂದ ಒಂದು ಹಾಳೆಯಲ್ಲಿ ಬರೆದಿತ್ತು: ಕಾಯಿಲನ್ನು ಪ್ಲೇಟಿನ ಮೇಲೆ ಕೂರಿಸಿ, ಅದರ ಮೇಲೆ ಎರಡೂ ಕೊಳವೆ ಸೇರಿಸಿ, ಗ್ರೌಂಡ್ ತಂತಿಯನ್ನು ಹತ್ತಿರದ ಕಬ್ಬಿಣಕ್ಕೆ ಕಚ್ಚಿಸಿ, ಕ್ಲಿಪ್ಪನ್ನು ಸುತ್ತಿನ ಮೇಲೆ ಸರಿಸುತ್ತಾ ಹೋಗಿ, ಎಸ್‌ಡಬ್ಲ್ಯುಆರ್ 1.2 ಬಂದಲ್ಲಿ ನಿಲ್ಲಿಸಿ. (ಎಸ್‌ಡಬ್ಲ್ಯುಆರ್ ಅಂದರೆ ಆಂಟೆನಾ ರೇಡಿಯೋಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕಿ, 1 ಬಂದರೆ ಪೂರ್ತಿ ಹೊಂದಿತು ಅಂತ.) ಹಾಗೇ ಮಾಡಿದೆ. ತಾರಸಿಯ ಕಬ್ಬಿಣದ ಕಂಬಿಗೆ ಗ್ರೌಂಡ್ ಕೊಟ್ಟೆ. ಮೂವತ್ತನೇ ಸುತ್ತಿನ ಹತ್ತಿರ ಕ್ಲಿಪ್ ಇಟ್ಟಾಗ ನಿಜವಾಗಿಯೂ 1.2 ಬಂತು. ಖುಷಿಯಾಯಿತು. ಸಂಜೆ ಕೂತು ಕರೆದೆ, ಕರೆದೆ, ಕರೆದೆ. ಉತ್ತರ ಕೊಟ್ಟಿದ್ದು ಒಬ್ಬರೇ, ಅದೂ "ಇದ್ದೀರಾ, ಹೋದಿರಾ" ಅನ್ನುವ ಮಟ್ಟಿಗೆ.

ಮಾರಿದವರಿಗೆ ಫೋನ್ ಮಾಡಿದೆ. "ಎಸ್‌ಡಬ್ಲ್ಯುಆರ್ ಎಷ್ಟಿದೆ ಸರ್? 1.2 ಇದೆಯಾ? ಹಾಗಾದ್ರೆ ಆಂಟೆನಾ ಪಕ್ಕಾ ಇದೆ, ಬ್ಯಾಂಡ್ ಸರಿ ಇಲ್ಲ ಅಷ್ಟೇ" ಅಂದರು. ಆಮೇಲೆ ನನಗೆ ಮೋರ್ಸ್ ಕಲಿಸಿದ ಹಿರಿಯರಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಡಮ್ಮಿ ಲೋಡ್ ಹಾಕಿ ನೋಡಪ್ಪ, ಅದಕ್ಕೆ ಇನ್ನೂ ಚೆನ್ನಾಗಿ ಬರುತ್ತೆ." ಡಮ್ಮಿ ಲೋಡ್ ಅಂದರೆ ಆಂಟೆನಾ ಬದಲು ಹಾಕುವ ರೆಸಿಸ್ಟರ್, ಶಕ್ತಿಯನ್ನೆಲ್ಲ ಬಿಸಿ ಮಾಡಿ ಕಳೆಯುತ್ತದೆ.

ಆ ಒಂದು ಮಾತಿಗೇ ತಲೆ ಓಡಿತು. ನ್ಯಾನೋ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಮೀಟರ್) ಹಿಡಿದು ರೆಸೊನೆನ್ಸ್‌ನಲ್ಲಿ, ಅಂದರೆ ಟ್ಯೂನ್ ಆದ ಜಾಗದಲ್ಲಿ, ಎಷ್ಟು ಓಮ್ ಇದೆ ನೋಡಿದೆ. 42. ರೇಡಿಯೋ ಬಯಸುವುದು 50, ಅದಕ್ಕೇ 1.2. ಈಗ ಲೆಕ್ಕ ಹಾಕೋಣ. 5 ಮೀಟರ್ ಕಂಬ 3.6 ಮೆಗಾಹರ್ಟ್ಜ್‌ನಲ್ಲಿ ತರಂಗದ ಶೇಕಡಾ 6ರಷ್ಟು ಉದ್ದ. ಕಾಯಿಲ್ ಬುಡದಲ್ಲಿದ್ದರೆ ಅದರ ರೇಡಿಯೇಷನ್ ರೆಸಿಸ್ಟೆನ್ಸ್ (ಒಟ್ಟು ಓಮ್‌ನಲ್ಲಿ ನಿಜವಾಗಿ ಪ್ರಸಾರದ ಪಾಲು) 1.4 ಓಮ್ ಆಸುಪಾಸು, ಅಷ್ಟೇ. ಉಳಿದ 40 ಓಮ್ ಯಾರದು? ಕಾಯಿಲಿನದು ಸುಮಾರು 5, ಮಿಕ್ಕಿದ್ದೆಲ್ಲ ಆ ಕಬ್ಬಿಣದ ಕಂಬಿಯ ಗ್ರೌಂಡಿನದು. ಅಂದರೆ ನಾನು ಕಳಿಸಿದ 10 ವ್ಯಾಟ್‌ನಲ್ಲಿ ಆಕಾಶಕ್ಕೆ ಹೋಗುತ್ತಿದ್ದದ್ದು ಮೂರನೇ ಒಂದು ವ್ಯಾಟ್. ಉಳಿದದ್ದು ಕಾಯಿಲನ್ನೂ ತಾರಸಿಯನ್ನೂ ಬಿಸಿ ಮಾಡುತ್ತಿತ್ತು. ಎಸ್‌ಡಬ್ಲ್ಯುಆರ್ ಚೆನ್ನಾಗಿ ಬಂದಿದ್ದೇ ನಷ್ಟ ಜಾಸ್ತಿ ಇದ್ದದ್ದರಿಂದ! ಇದನ್ನು ಮಾರುವವರು ಗುಣ ಅಂತ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದಾರೆ.

ಮೊದಲು ಗ್ರೌಂಡ್ ಸರಿಮಾಡಿದೆ. ಮನೆ ವೈರಿಂಗ್‌ನ ತಂತಿ 90 ಮೀಟರಿನ ಕಾಯಿಲಾಗಿ ಸಿಗುತ್ತದಲ್ಲ, ಅದೇ ಒಂದು ತಂದು 5 ಮೀಟರಿನ 16 ತುಂಡು ಮಾಡಿ ತಾರಸಿಯ ಮೇಲೆ ಸುತ್ತಲೂ ಹರಡಿದೆ. ಟ್ಯಾಂಕಿನ ಕಡೆ ಕೆಲವನ್ನು ಬಗ್ಗಿಸಬೇಕಾಯಿತು, ಪರವಾಗಿಲ್ಲ. ಈಗ ಮೀಟರ್ ನೋಡಿದರೆ 19 ಓಮ್. ಎಸ್‌ಡಬ್ಲ್ಯುಆರ್ 2.6ಕ್ಕೆ ಏರಿತು. ಹಾಳೆಯ ಪ್ರಕಾರ ನಾನು ಆಂಟೆನಾ ಕೆಡಿಸಿದ್ದೆ.

ಕೆಟ್ಟಿದೆಯೋ ಸುಧಾರಿಸಿದೆಯೋ ನೋಡಲು ಒಂದು ಡಬ್ಬಿ ಮಾಡಿದೆ. ಹಳೇ ಟೇಪ್ ರೆಕಾರ್ಡರಿನ ಮುಳ್ಳಿನ ಮೀಟರ್, ಒಂದು ಜರ್ಮೇನಿಯಂ ಡಯೋಡ್, ಒಂದು ಮೀಟರ್ ತಂತಿ, ಅಷ್ಟೇ. ಅದನ್ನು ಮಗನ ಕೈಗೆ ಕೊಟ್ಟು ಅವನ ಗೆಳೆಯನ ಮನೆ ತಾರಸಿಗೆ ಕಳಿಸಿದೆ. ಪ್ರತಿ ಸಲವೂ ಟ್ಯೂನರ್ ಹಾಕಿ 10 ವ್ಯಾಟೇ ಹೋಗುವಂತೆ ನೋಡಿಕೊಂಡೆ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಕಬ್ಬಿಣದ ಕಂಬಿ ಗ್ರೌಂಡಿನಲ್ಲಿ ಅವನು ಫೋನಲ್ಲಿ ಹೇಳಿದ್ದು "ಅಪ್ಪಾ, ಎರಡೂವರೆ ಗೆರೆ". ಹದಿನಾರು ತಂತಿ ಹಾಕಿದ ಮೇಲೆ "ನಾಲ್ಕು". ಇಂಥ ಮೀಟರ್ ಇಷ್ಟೇ ಡಿಬಿ ಅಂತ ಹೇಳಲಾರದು, ಏರಿತೋ ಇಳಿಯಿತೋ ಅಂತ ಹೇಳುತ್ತದೆ. ನನಗೆ ಬೇಕಿದ್ದದ್ದೂ ಅಷ್ಟೇ.

ಈಗ ಕಾಯಿಲಿನ ಜಾಗ. ಈ ಸೆಟ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ, ಮಾಡಿದವರಿಗೇ ಅದರ ಬೆಲೆ ಗೊತ್ತಿಲ್ಲ. ಕಾಯಿಲಿನ ಎರಡೂ ತುದಿಗೆ, ಕೊಳವೆಗಳ ತುದಿಗೆ, ಪ್ಲೇಟಿಗೆ, ಎಲ್ಲಕ್ಕೂ ಒಂದೇ ಅಳತೆಯ ಮರೆ (ತಿರುಪಿನ ಗೆರೆ). ಅಂದರೆ ಕಾಯಿಲನ್ನು ಕೆಳಗಿನಿಂದ ಬಿಚ್ಚಿ ಎರಡು ಕೊಳವೆಗಳ ನಡುವೆ ಹಾಕಬಹುದು. ಎರಡು ನಿಮಿಷದ ಕೆಲಸ.

ಹಾಗೆ ಮಾಡಿದರೆ ಏನಾಗುತ್ತದೆ? ಬುಡದಲ್ಲಿ ಕಾಯಿಲ್ ಇದ್ದರೆ ಕಂಬದಲ್ಲಿ ಹರಿಯುವ ಕರೆಂಟು ದೇವಸ್ಥಾನದ ಗೋಪುರದ ಹಾಗೆ. ಕೆಳಗೆ ಅಗಲ, ಮೇಲೆ ಹೋಗುತ್ತಾ ಚೂಪು, ತುದಿಯಲ್ಲಿ ಸೊನ್ನೆ. ಕಾಯಿಲನ್ನು ನಡುವಿಗೆ ಏರಿಸಿದರೆ ಅದರ ಕೆಳಗಿನ ಅರ್ಧ ಗೋಪುರ ಹೋಗಿ ಕಂಬವಾಗುತ್ತದೆ, ಉದ್ದಕ್ಕೂ ಕರೆಂಟು ಹೆಚ್ಚುಕಡಿಮೆ ಒಂದೇ ಸಮ. ಚೂಪಾಗುವುದು ಕಾಯಿಲಿನ ಮೇಲಿನ ಅರ್ಧ ಮಾತ್ರ. ರೇಡಿಯೇಷನ್ ಬರುವುದು ಈ ಆಕಾರದ ವಿಸ್ತೀರ್ಣದಿಂದ. ವಿಸ್ತೀರ್ಣ ಒಂದೂವರೆ ಪಟ್ಟು ಆದರೆ ರೇಡಿಯೇಷನ್ ರೆಸಿಸ್ಟೆನ್ಸ್ ಅದರ ವರ್ಗ, ಅಂದರೆ ಎರಡೂಕಾಲು ಪಟ್ಟು. ನನ್ನ ಕಂಬದಲ್ಲಿ 1.4 ಇದ್ದದ್ದು 3.2 ಓಮ್ ಆಯಿತು.

ಹಾಗಾದರೆ ಇನ್ನೂ ಮೇಲೆ, ತುದಿಗೇ ಇಡೋಣ ಅಲ್ವಾ? ಅಲ್ಲೇ ಸಿಕ್ಕಿಬೀಳುವುದು. ಕಾಯಿಲಿನ ಮೇಲೆ ಉಳಿಯುವ ಕೊಳವೆ ಗಿಡ್ಡವಾದಷ್ಟೂ ಅದರ ಕೆಪಾಸಿಟೆನ್ಸ್ ಕಡಿಮೆ, ಅದಕ್ಕೆ ಸುತ್ತು ಜಾಸ್ತಿ ಬೇಕು, ಸುತ್ತು ಜಾಸ್ತಿಯಾದಷ್ಟೂ ಕಾಯಿಲಿನ ನಷ್ಟ ಜಾಸ್ತಿ. ಬುಡದಲ್ಲಿ 44 ಮೈಕ್ರೋಹೆನ್ರಿ, ಸುಮಾರು 30 ಸುತ್ತು ಸಾಕಿತ್ತು. ನಡುವಿಗೆ ಬಂದಾಗ 79 ಮೈಕ್ರೋಹೆನ್ರಿ, 46 ಸುತ್ತು ಬೇಕಾಯಿತು. ಕಾಯಿಲಿನ ನಷ್ಟ 5 ಓಮ್‌ನಿಂದ 9ಕ್ಕೆ ಹೋಯಿತು. ತುದಿಗೆ ಇಟ್ಟರೆ ಸುತ್ತಿ ಮುಗಿಯುವುದೇ ಇಲ್ಲ. ಅದಕ್ಕೇ ಅನುಭವಸ್ಥರು ನಡುವೆ ಅಥವಾ ನಡುವಿಗಿಂತ ಸ್ವಲ್ಪ ಮೇಲೆ ನಿಲ್ಲಿಸುತ್ತಾರೆ. ನಷ್ಟ ಏರಿದರೂ ನನಗೆ ಲಾಭವೇ ಆಯಿತು, ಯಾಕೆಂದರೆ ಗ್ರೌಂಡಿನ 12-13 ಓಮ್ ಎರಡೂ ಕಡೆ ಹಾಗೇ ಇರುತ್ತದೆ. ಒಟ್ಟು 25 ಓಮ್, ಅದರಲ್ಲಿ 3.2 ಕೆಲಸದ್ದು. 10ಕ್ಕೆ ಮುಕ್ಕಾಲು ವ್ಯಾಟ್ ಹೋಗುತ್ತಿದ್ದದ್ದು 1.3 ವ್ಯಾಟ್ ಆಯಿತು. ಮಗ ಹೇಳಿದ್ದು "ಐದೂವರೆ. ಅಪ್ಪಾ, ಸಾಕಾ? ಸೊಳ್ಳೆ ಕಚ್ತಿದೆ."

ಒಂದು ಎಚ್ಚರಿಕೆ, ಹಾಳೆಯಲ್ಲಿ ಎಲ್ಲೂ ಇಲ್ಲ. ನನ್ನದು ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್, 50 ವ್ಯಾಟ್ ಮಿತಿ. ಅಷ್ಟರಲ್ಲೇ ನಡುವಿನ ಕಾಯಿಲಿನ ಎರಡು ತುದಿಗಳ ಮಧ್ಯೆ ಸುಮಾರು 2,500 ವೋಲ್ಟ್ ಇರುತ್ತದೆ. ಕೆಳಗಿಟ್ಟರೂ 1,600. ಬುಡದ ಕಾಯಿಲ್ ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿರುತ್ತದೆ ಅನ್ನುವುದು ಅದನ್ನು ಮೇಲೇರಿಸಲು ಇನ್ನೊಂದು ಕಾರಣ. ಮೋರ್ಸ್ ಕೀ ಒತ್ತಿ ಹಿಡಿದರೆ 50 ವ್ಯಾಟ್‌ನಲ್ಲಿ 18 ವ್ಯಾಟ್ ಕಾಯಿಲಿನಲ್ಲೇ ಬಿಸಿಯಾಗಿ ಹೋಗುತ್ತದೆ. ಎರಡನೇ ವಾರದಲ್ಲೇ ನನ್ನ ಮೊಸಳೆ ಕ್ಲಿಪ್ಪಿನ ಹಲ್ಲು ಕಪ್ಪಾಗಿ, ಕೆಳಗಿನ ಸುತ್ತು ಸುಟ್ಟ ವಾಸನೆ ಬಂತು. ಈಗ ಆ ಜಾಗದಲ್ಲಿ ತಂತಿ ಬೆಸುಗೆ ಹಾಕಿದ್ದೇನೆ, ಕ್ಲಿಪ್ ಡಬ್ಬದಲ್ಲಿದೆ.

ಕಾಯಿಲಿನ ಕಟ್ಟುವಿಕೆಯ ಬಗ್ಗೆ ಹೇಳಲೇಬೇಕು. 50 ಮಿಲಿಮೀಟರ್ ಪೈಪ್, 1 ಮಿಲಿಮೀಟರ್ ಎನಾಮಲ್ ತಂತಿ, ಸುತ್ತು ಸುತ್ತಿಗೆ ಅಂಟಿಕೊಂಡು ನೀಟಾಗಿ ಸುತ್ತಿದ್ದಾರೆ. ನೋಡಲು ಚೆಂದ. ಆದರೆ ಸುತ್ತುಗಳ ನಡುವೆ ಒಂದಿಷ್ಟು ಸಂದು ಬಿಟ್ಟು ದಪ್ಪ ತಂತಿ ಹಾಕಿದ್ದರೆ ನಷ್ಟ ಕಡಿಮೆಯಾಗುತ್ತಿತ್ತು. ಅದಕ್ಕಿಂತ ಸಿಟ್ಟು ಬರುವುದು ಎರಡೂ ತುದಿಯ ಅಲ್ಯೂಮಿನಿಯಂ ಬಿಲ್ಲೆ ನೋಡಿದಾಗ. ಬೋಂಡಾ ಅಗಲದ ಬಿಲ್ಲೆ, ಕೊನೆಯ ಸುತ್ತಿಗೆ ಬೆರಳು ತೂರದಷ್ಟು ಹತ್ತಿರ. ಕಾಯಿಲಿನ ಬಾಯಿಗೆ ಲೋಹದ ಮುಚ್ಚಳ ಹಾಕಿದರೆ ಅದರ ಕ್ಯೂ (ಕಾಯಿಲಿನ ಗುಣದ ಅಂಕಿ, ಇಳಿದಷ್ಟೂ ನಷ್ಟ ಜಾಸ್ತಿ) ಬೀಳುತ್ತದೆ, ಇದು ಮಾಡುವವರಿಗೆ ಗೊತ್ತಿರಬೇಕಾದ ಸಂಗತಿ. ಮತ್ತೆ ಮಳೆ. ಸುತ್ತುಗಳ ಮೇಲೆ ಬರೀ ಟೇಪು. ಜುಲೈನಲ್ಲಿ ನೀರು ಇಳಿದು ಟ್ಯೂನಿಂಗ್ 25 ಕಿಲೋಹರ್ಟ್ಜ್ ಕೆಳಗೆ ಜಾರಿತು. ಮೊದಲೇ ಇದು 35 ಕಿಲೋಹರ್ಟ್ಜ್ ಅಗಲಕ್ಕಷ್ಟೇ ಒಗ್ಗುವ ಆಂಟೆನಾ, ಅದರಲ್ಲಿ 25 ಜಾರಿದರೆ ಉಳಿಯುವುದೇನು. ಪೆಟ್ ಬಾಟಲಿಯ ತಳ ಕತ್ತರಿಸಿ ಮೇಲಿಂದ ಟೋಪಿಯ ಹಾಗೆ ಇಳಿಬಿಟ್ಟ ಮೇಲೆ ಸರಿಹೋಯಿತು.

ಗಾಳಿಯ ವಿಷಯ. ಕಾಯಿಲ್ ನಡುವಿಗೆ ಹೋದರೆ ಭಾರವೂ ಮೇಲೆ ಹೋಗುತ್ತದೆ. ಮೊದಲ ಗಾಳಿಗೇ ಕೆಳಗಿನ ಕೊಳವೆ ಬಿಲ್ಲಿನ ಹಾಗೆ ಬಾಗಿತು. ಕಾಯಿಲಿನ ಕೆಳಗೆ ಮೂರು ಕಡೆ ನೈಲಾನ್ ಹಗ್ಗ ಕಟ್ಟಿ. ಕಬ್ಬಿಣದ ತಂತಿ ಕಟ್ಟಬೇಡಿ, ಅದೂ ಆಂಟೆನಾ ಆಗಿಬಿಡುತ್ತದೆ.

ಆಮೇಲೆ ಒಂದು ಹುಚ್ಚು ಪ್ರಯೋಗ. ಮುರಿದ ಕೊಡೆಯಿಂದ ಎಂಟು ಕಡ್ಡಿ ಬಿಚ್ಚಿ, ಕಂಬದ ತುದಿಗೆ ಚಕ್ರದ ಅರಗಳ ಹಾಗೆ ಕಟ್ಟಿದೆ. ಕೆಪಾಸಿಟಿ ಹ್ಯಾಟ್ ಅಂತಾರೆ. ತುದಿಯ ಕೆಪಾಸಿಟೆನ್ಸ್ ಏರಿದ್ದರಿಂದ 46 ಸುತ್ತು ಬೇಕಿದ್ದ ಕಡೆ 33 ಸುತ್ತು ಸಾಕಾಯಿತು. ಸುತ್ತು ಇಳಿದರೆ ನಷ್ಟ ಇಳಿಯಿತು, ಮೇಲಿನ ಅರ್ಧದಲ್ಲೂ ಕರೆಂಟು ಸ್ವಲ್ಪ ತುಂಬಿಕೊಂಡಿತು. ಡಬ್ಬಿಯ ಮುಳ್ಳು ಆರು ಗೆರೆ ದಾಟಿತು. ಇದೂ ದುಡ್ಡು ಕೊಡದೆ ಸಿಕ್ಕ ಲಾಭವೇ. ಪಕ್ಕದ ಮನೆ ಅಜ್ಜಿ ಮಾತ್ರ ಕಾಗೆ ಕೂರಿಸೋಕೆ ಯಾಕಪ್ಪ ಇಷ್ಟು ಕಷ್ಟ ಅಂತ ಕೇಳಿದರು.

ಎಸ್‌ಡಬ್ಲ್ಯುಆರ್ ಬೇಕೇ ಬೇಕು ಅನ್ನುವವರಿಗೆ, ಮತ್ತು ರಿಗ್‌ಗೂ (ರೇಡಿಯೋ ಸೆಟ್ಟಿಗೂ) ಅದು ಬೇಕು ನಿಜ, ದಾರಿ ಸುಲಭ. 25 ಎಂಎಂ ಪೈಪಿನ ಮೇಲೆ 2 ಎಂಎಂ ತಂತಿ, ಒಂದು ಎಂಎಂ ಸಂದು ಬಿಟ್ಟು 13 ಸುತ್ತು. ಸುಮಾರು 2.2 ಮೈಕ್ರೋಹೆನ್ರಿ ಆಗುತ್ತದೆ. ಅದನ್ನು ಕಂಬದ ಬುಡಕ್ಕೂ ಗ್ರೌಂಡ್ ತಂತಿಗಳಿಗೂ ನಡುವೆ ಹಾಕಿ, ಮೇಲಿನ ಕಾಯಿಲಿನಲ್ಲಿ ಸುಮಾರು ಅರ್ಧ ಸುತ್ತು ಕಡಿಮೆ ಮಾಡಿ. 25 ಓಮ್ 50 ಆಗಿ ಕಾಣುತ್ತದೆ. ಈಗ ನನಗೆ ಬರುವ 1.1 ಪ್ರಾಮಾಣಿಕವಾದ 1.1.

ಕೊಳ್ಳಬೇಕೇ? ನಿಮ್ಮ ಮಾತುಕತೆಯೆಲ್ಲ ಹಾಸನ, ದಾವಣಗೆರೆ, ಬೆಂಗಳೂರು ಅಂತ ಮುನ್ನೂರು ಕಿಲೋಮೀಟರಿನ ಒಳಗೆ ಇದ್ದು, 40 ಮೀಟರ್ ಜಾಗವೂ ಇದ್ದರೆ ಬೇಡ. ಏಳೆಂಟು ಮೀಟರ್ ಎತ್ತರಕ್ಕೆ ಎಳೆದ ಸಾದಾ ತಂತಿ ಡೈಪೋಲ್ ನೇರ ಮೇಲಕ್ಕೆ ಕಳಿಸುತ್ತದೆ, ಹತ್ತಿರದವರಿಗೆ ಅದೇ ಚೆನ್ನಾಗಿ ಕೇಳಿಸುತ್ತದೆ. ನಿಂತ ಕಂಬ ದಿಗಂತದ ಕಡೆ ಕಳಿಸುತ್ತದೆ, ಜೊತೆಗೆ ಬೀದಿಯ ಎಲ್‌ಇಡಿ ದೀಪ, ಇನ್ವರ್ಟರ್‌ಗಳ ಗದ್ದಲವನ್ನೂ ಜಾಸ್ತಿ ಹೀರುತ್ತದೆ. ನನ್ನ ಹಾಗೆ ಜಾಗ ಇಲ್ಲದವರು, ಕೈಯಲ್ಲಿ ಸ್ವಲ್ಪ ತಾಳ್ಮೆ ಇರುವವರು ತೆಗೆದುಕೊಳ್ಳಬಹುದು. ಮರೆಗಳಿಗೆ, ಕೊಳವೆಯ ಗುಣಮಟ್ಟಕ್ಕೆ ಐದಕ್ಕೆ ನಾಲ್ಕು. ಕಾಯಿಲಿಗೆ ಎರಡೂವರೆ. ಆ ಹಾಳೆಗೆ ಸೊನ್ನೆ.

ಇದನ್ನೆಲ್ಲ ಮಾರಿದವರಿಗೂ ಫೋನಲ್ಲಿ ಹೇಳಿದೆ. ಬೇಜಾರಿಲ್ಲದೆ ಕೇಳಿಸಿಕೊಂಡರು. "ಮುಂದಿನ ಸಲ ಬಿಲ್ಲೆ ದೂರ ಇಡ್ತೀನಿ ಸರ್, ನಡುವೆ ಹಾಕಿ ಅಂತಾನೂ ಬರೀತೀನಿ" ಅಂದರು. ಸ್ವಲ್ಪ ಹೊತ್ತು ಸುಮ್ನಿದ್ದು, "ಆದ್ರೆ 1.2 ಅನ್ನೋದು ತೆಗೆಯೋಕಾಗಲ್ಲ. ಅದಿಲ್ದಿದ್ರೆ ಯಾರೂ ತಗೊಳಲ್ಲ. ನೀವೂ ಅದನ್ನ ನೋಡೇ ಅಲ್ವಾ ತಗೊಂಡಿದ್ದು?"